2.40 ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್ ಇನ್ನೋವಾ ತಗೋಬಹುದಾ? ಇನ್ನಾ ಎಷ್ಟ್ ಓಡ್ತದ?

ಸರ, ನಿಮ್ಮ ಪ್ರಶ್ನಿ ಓದ್ದೆ. 2012ರ ಮಾಡೆಲ್ ಅದ, ಮೀಟರ್ 2.40 ಲಕ್ಷ ತೋರಸ್ಲತ್ತದ, ಮನ್ಯಾಗ ಎಲ್ಲಾರೂ ಮುದುಕಿ ಗಾಡಿ ತರಬ್ಯಾಡ ಅನ್ಲತ್ತಾರ ಅಂತ ಬರ್ದೀರಿ. ನಾ ಕಲಬುರಗ್ಯಾಗ ಟ್ರಾವೆಲ್ಸ್ ನಡಸ್ತೀನಿ, ನಮ್ ಗಾಡಿಗೋಳು ಪೇಷಂಟ್ ಕರ್ಕೊಂಡು ಸೊಲ್ಲಾಪುರ, ಹೈದ್ರಾಬಾದ್, ಹುಣ್ಣಿಮಿ ಬಂದ್ರ ಗಾಣಗಾಪುರ, ಹಿಂಗ ಓಡ್ತಾನೇ ಇರ್ತಾವ. ನಮ್ ಕಡಿ ಟ್ಯಾಕ್ಸಿ ಲೈನಿನಾಗ 2.40 ಲಕ್ಷ ಅಂದ್ರ ಯಾರೂ ಹೌಹಾರಂಗಿಲ್ಲ, ಐದ್ ಲಕ್ಷ ದಾಟಿದ ಕ್ವಾಲಿಸ್ ಇನ್ನೋವಾ ಬಸ್ ಸ್ಟ್ಯಾಂಡ್ ಹತ್ರ ನಿಂತ್ರ ನಿಮ್ ಕಣ್ಣಿಗೇ ಬೀಳ್ತಾವ.

ಒಂದು ಖರೆ ಕಥಿ ಹೇಳ್ತೀನಿ. ಗ್ರೀಸ್ ದೇಶದಾಗ ಗ್ರೆಗೋರಿಯೋಸ್ ಸಾಚಿನಿಡಿಸ್ ಅಂತ ಒಬ್ಬ ಟ್ಯಾಕ್ಸಿ ಡ್ರೈವರ್, 1976ರ ಮರ್ಸಿಡೀಸ್ 240 ಡಿ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡ, ತಗೊಳ್ಳಾಗೇ ಅದು 2 ಲಕ್ಷದ ಮ್ಯಾಲ ಓಡಿತ್ತು, ಅಂದ್ರ ಹೆಚ್ಚುಕಮ್ಮಿ ನೀವು ನೋಡ್ಲತ್ತ ಗಾಡಿಯಷ್ಟೇ. 2004ರಾಗ ಅದನ್ನ ಕಂಪ್ನಿ ಮ್ಯೂಸಿಯಂಗ ಕೊಡೋ ಹೊತ್ತಿಗೆ 46 ಲಕ್ಷ ಕಿಲೋಮೀಟರ್ ಆಗಿತ್ತು! ಆದ್ರ ಒಂದೇ ಇಂಜಿನ್ ಮ್ಯಾಲ ಅಲ್ರಿ, ಇಂಜಿನ್ ಇಳಿಸಿ ಏರಿಸಿ ಮಾಡ್ಕೋತ ಓಡ್ಸ್ಯಾನ. ಇನ್ನೊಬ್ರು ಅಮೆರಿಕಾದ ಇರ್ವ್ ಗಾರ್ಡನ್, ಸಾಲ್ಯಾಗ ಸೈನ್ಸ್ ಮಾಸ್ತರು, 1966ರಾಗ ವೋಲ್ವೋ ಪಿ1800 ತಗೊಂಡು 2013ರಾಗ 30 ಲಕ್ಷ ಮೈಲು ದಾಟ್ಸಿದ್ರು, ನಮ್ ಲೆಕ್ಕದಾಗ 48 ಲಕ್ಷ ಕಿಲೋಮೀಟರ್. ಪೆಟ್ರೋಲ್ ಗಾಡಿ ಮತ್ತ. ಅವ್ರೂ ನಡುವ ಇಂಜಿನ್ ಬಿಚ್ಚಿ ಕಟ್ಸ್ಯಾರ. ಮಾಸ್ತರ್ ಸಾಲಿಗಿ ಹೋಗಿಬರೋದೇ ದಿನಕ್ಕ 200 ಕಿಲೋಮೀಟರ್ ಇತ್ತಂತ, ಅದೇ ಗುಟ್ಟು ನೋಡ್ರಿ. ಇಂಜಿನ್ ಸವೆಯೋದು ಥಂಡಿ ಇದ್ದಾಗ ಸ್ಟಾರ್ಟ್ ಮಾಡಿದ ಹೊತ್ತಿನಾಗ ಜಾಸ್ತಿ, ಆಯಿಲ್ ಇನ್ನಾ ಮ್ಯಾಲ ಏರಿರಂಗಿಲ್ಲ, ಒಮ್ಮಿ ಬಿಸಿ ಆಗಿ ಹೈವೇ ಹಿಡೀತು ಅಂದ್ರ ನೂರು ಕಿಲೋಮೀಟರ್ ಹೋದ್ರೂ ಅದಕ್ಕ ಅಂಥಾ ತ್ರಾಸಿಲ್ಲ. ಅದಕ್ಕ ಊರಾಗೇ ಸೂಪರ್ ಮಾರ್ಕೆಟ್ ತನ ಹೋಗಿ ಬಂದು ಹೋಗಿ ಬಂದು 60 ಸಾವಿರ ಮಾಡಿದ ಗಾಡಿಗಿಂತ ಹುಮನಾಬಾದ್ ಮ್ಯಾಲಿಂದ ಹೈದ್ರಾಬಾದ್ ಓಡಿದ 2 ಲಕ್ಷದ ಗಾಡಿ ಇಂಜಿನ್ ಗಟ್ಟಿ ಇದ್ರೂ ಇರಬಹುದು.

ಈಗ ನಮ್ ಕಡಿ ಗಾಡಿ ಸಾಯೋದು ಯಾತಕ್ಕ ಅಂದ್ರ ಓಡಿ ಅಲ್ಲ, ನೀರಿಗಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ಎಲ್ಲಾ ಸುಣ್ಣದಕಲ್ಲಿನ ನೆಲ, ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟ್ರಿ ಆಗ್ಯಾವ. ಅಲ್ಲಿನ ಬೋರಿನ ನೀರು ಕಾಸಿದ್ರ ಪಾತ್ರಿ ತಳದಾಗ ಬಿಳಿ ಹಕ್ಕಳಿ ಕೂಡ್ತದಲ್ಲ, ರೇಡಿಯೇಟರ್ ಒಳಗೂ ಅದೇ ಕೂಡ್ತದ. ಡ್ರೈವರ್ ಏನ್ ಮಾಡ್ತಾನ, ಕೂಲಂಟ್, ಅಂದ್ರ ಇಂಜಿನ್ ತಣ್ಣಗಿಡೋ ಬಣ್ಣದ ನೀರು, ಇಳಿದದ ಅಂತ ಧಾಬಾದಾಗ ಒಂದ್ ಬಾಟ್ಲಿ ಬೋರಿನ ನೀರು ಹಾಕ್ತಾನ, ಮುಂದಿನ ವಾರ ಇನ್ನೊಂದು, ವರ್ಷದಾಗ ಸಣ್ಣ ನಳಿಗೋಳು ಕಟ್ಟಿ ಹೋಗ್ತಾವ, ಮೇ ತಿಂಗಳ 43 ಡಿಗ್ರಿ ಬಿಸಲಾಗ ಏಸಿ ಹಾಕಿ ಏಳು ಮಂದಿ ಕೂಡ್ಸ್ಕೊಂಡು ಹೊಂಟಾಗ ಸರ್ರ್ ಅಂತ ಇಂಜಿನ್ ಬಿಸಿ ತೋರ್ಸೋ ಮುಳ್ಳು ಮ್ಯಾಲ ಹೋಗ್ತದ, ಹೆಡ್ ಅಂದ್ರ ಇಂಜಿನ್ನಿನ ಮ್ಯಾಲಿನ ಭಾಗ, ಅದರ ಕೆಳಗಿನ ಗ್ಯಾಸ್ಕೆಟ್ ಪ್ಯಾಕಿಂಗ್ ಹೋತು, ಹೆಡ್ ಸೊಟ್ಟಾತು, ಆಮ್ಯಾಲ ಕಂಪ್ನಿಗಿ ಬೈತಾರ. ಇನ್ನ ಕೆಲವ್ರು ಮೇಸ್ತ್ರಿಗೋಳು ಬ್ಯಾಸಗ್ಯಾಗ ಗಾಡಿ ಬಿಸಿ ಆಗಬಾರ್ದು ಅಂತ ಇಂಜಿನ್ ಬಿಸಿ ಆಗೋ ತನ ಕೂಲಂಟ್ ರೇಡಿಯೇಟರಿಗಿ ಬಿಡದ ಥರ್ಮೋಸ್ಟಾಟ್ ವಾಲ್ವೇ ಕಿತ್ತಿ ಒಗೀತಾರ, ಇದು ನನಗ ಭಾಳ ಸಿಟ್ಟು ತರ್ಸೋ ಕೆಲಸ, ಚಳಿಗಾಲದಾಗ ಇಂಜಿನ್ ಬಿಸಿ ಆಗ್ಲಿಕ್ಕೇ ತಡ, ಡೀಸೆಲ್ ಜಾಸ್ತಿ ಕುಡೀತದ, ಮತ್ತ ಮೊದ್ಲ ಹೇಳಿದ್ನಲ್ಲ ಥಂಡಿ ಸವಕಳಿ, ಅದು ಕಿಲೋಮೀಟರ್‌ಗಟ್ಲೆ ನಡೀತದ. ರೇಡಿಯೇಟರ್ ತೊಳ್ಸಿ ಸರಿಯಾದ ಕೂಲಂಟ್ ಹಾಕೋ ಖರ್ಚು ಹೆಡ್ ಕೆಲಸದ ಮುಂದ ಏನೇನೂ ಅಲ್ಲ.

ಹಂಗಾಗಿ ಗಾಡಿ ನೋಡ್ಲಿಕ್ಕ ಹೋದಾಗ ಮೊದ್ಲ ರೇಡಿಯೇಟರ್ ಕ್ಯಾಪ್ ತೆಗೀರಿ, ಇಂಜಿನ್ ಪೂರ್ತಿ ಆರಿದ ಮ್ಯಾಲ ಮಾತ್ರ, ಇಲ್ಲಾಂದ್ರ ಮಾರಿ ಸುಟ್ಕೋತೀರಿ. ಒಳಗ ಬಣ್ಣದ ಕೂಲಂಟ್ ಇದ್ರ ಸೈ, ತುಕ್ಕಿನ ನೀರು ಇಲ್ಲಾ ಬಿಳಿ ಹಕ್ಕಳಿ ಕಂಡ್ರ ರೇಟ್ ಇಳ್ಸ್ರಿ, ಎಣ್ಣಿ ತೇಲ್ಲತ್ತಿದ್ರ ಮಾತಾಡದಂಗ ವಾಪಸ್ ಬರ್ರಿ. ಏರ್ ಫಿಲ್ಟರ್ ಡಬ್ಬಿನೂ ಬಿಚ್ಚಿಸಿ ನೋಡ್ರಿ, ಸಿಮೆಂಟ್ ಧೂಳು, ಎರಿ ಮಣ್ಣಿನ ಧೂಳು ಒಳಗ ಹೋಗಿದ್ರ ಪಿಸ್ಟನ್ ರಿಂಗ್, ಅದು ಓಡಾಡೋ ಬೋರ್ ಲಗೂನ ಸವೀತಾವ. ಚಾಲೂ ಇಟ್ಟು ಆಯಿಲ್ ಕ್ಯಾಪ್ ತೆಗ್ದಾಗ ಅಲ್ಲಿಂದ ಬುಸು ಬುಸು ಹೊಗಿ ಒತ್ತಿ ಬಂದ್ರ ಇಂಜಿನ್ ರಿಪೇರಿಗಿ ಬಂದದ ಅಂತ ತಿಳೀರಿ. ನೀಲಿ ಹೊಗಿ ಬಂದ್ರೂ ಅಷ್ಟೇ, ಆಯಿಲ್ ಸುಡ್ಲತ್ತದ.

ಈ 2.5 ಲೀಟರ್ ಡೀಸೆಲ್ ಇಂಜಿನ್‌ಗಿ ವಾಲ್ವ್ ಹೊತ್ತಿಗಿ ಸರಿಯಾಗಿ ತೆಗ್ದು ಮುಚ್ಚಿಸೋ ಟೈಮಿಂಗ್ ಬೆಲ್ಟ್ ಇರ್ತದ, ಚೈನ್ ಅಲ್ಲ. ಒಂದರಿಂದ ಒಂದೂವರೆ ಲಕ್ಷದ ಒಳಗ ಬದ್ಲಿ ಮಾಡ್ಲೇಬೇಕು, 2.40 ಓಡ್ಯಾದಂದ್ರ ಕಮ್ಮಿ ಅಂದ್ರ ಒಮ್ಮಿ ಬದ್ಲಿ ಆಗಿರ್ಬೇಕಲ್ಲ, ಬಿಲ್ ಕೇಳ್ರಿ. ಬಿಲ್ ಇಲ್ಲಾಂದ್ರ ತಗೊಂಡ ದಿನಾನೇ ಹಾಕಿಸ್ರಿ, ಅದು ರೋಡಿನ ಮ್ಯಾಲ ಹರೀತಂದ್ರ ವಾಲ್ವ್ ಎಲ್ಲಾ ಹಾಳು. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಕ್ಲಚ್ ಪ್ಲೇಟ್ ಇವೆಲ್ಲಾ ಹೋಗೋವೇ, ಅದಕ್ಕ ಅಂಜಬ್ಯಾಡ್ರಿ.

ನನಗ ಗಾಡಿ ಕಿಂತ ಮೀಟರ್ ಮ್ಯಾಲೇ ಅನುಮಾನ. 2012ರ ಹಳದಿ ಬೋರ್ಡ್ ಗಾಡಿ ಬರೇ 2.40 ಓಡ್ಯಾದ ಅಂದ್ರ ನಾ ಅಂತೂ ನಂಬಂಗಿಲ್ಲ, ಬಿಳಿ ಬೋರ್ಡ್ ಆದ್ರ ಇರಬಹುದು. ಡಿಜಿಟಲ್ ಮೀಟರ್ ಹಿಂದ್ ತಿರುಗ್ಸೋದು ಈಗ ಲ್ಯಾಪ್‌ಟಾಪ್ ಕೆಲಸ, ಅರ್ಧ ತಾಸೂ ಬ್ಯಾಡ. ಬ್ರೇಕ್ ಪೆಡಲ್ ರಬ್ಬರ್, ಸ್ಟೇರಿಂಗ್ ಸಿಪ್ಪಿ, ಡ್ರೈವರ್ ಸೀಟಿನ ತಗ್ಗು ನೋಡ್ರಿ, ಗಾಡಿ ನಂಬರ್ ಹಿಡ್ಕೊಂಡು ಶೋರೂಮಿನಾಗ ಹಳೇ ಸರ್ವಿಸ್ ರೆಕಾರ್ಡ್ ತೆಗ್ಸ್ರಿ. ಲೆಕ್ಕ ಕೂಡಿ ಬಂದ್ರ, 5 ಸಾವಿರಕ್ಕಲ್ಲದಿದ್ರೂ 10 ಸಾವಿರ ಕಿಲೋಮೀಟರಿಗಿ ತಪ್ಪದಂಗ ಆಯಿಲ್ ಬದ್ಲಿ ಆಗಿದ್ರ, ಇನ್ನೂ 2-3 ಲಕ್ಷ ಆರಾಮ ಓಡ್ತದ ಅಂತ ನನ್ ಅಂದಾಜು.

ಮತ್ತ ಅದು ತೆಲಂಗಾಣ ಪಾಸಿಂಗ್ ಇದ್ರ ರೇಟ್ ಕಮ್ಮಿ ಅದ ಅಂತ ಖುಷಿ ಪಡಬ್ಯಾಡ್ರಿ, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದ್ರ ತಕರಾರಿಲ್ಲ ಅನ್ನೋ ಪತ್ರ, ತರಬೇಕು, ಇಲ್ಲಿ ರೋಡ್ ಟ್ಯಾಕ್ಸ್ ಮತ್ತ ಕಟ್ಬೇಕು. ಬಿಳಿ ಬೋರ್ಡ್ ಆದ್ರ 15 ವರ್ಷಕ್ಕ ಆರ್‌ಸಿ ರಿನಿವಲ್ ಬರ್ತದ, 2012ರ ಗಾಡಿಗಿ ಅದು 2027ರಾಗ, ಆ ಖರ್ಚೂ ಹಿಡ್ದೇ ರೇಟ್ ಮಾತಾಡ್ರಿ. ಮಾಲಕ್ರಿಗಿ ಹಿಂದಿನ ರಾತ್ರಿನೇ ಫೋನ್ ಮಾಡಿ ಹೇಳ್ರಿ, ಮುಂಜಾನಿ ನಾ ಬರೋ ತನ ಸ್ಟಾರ್ಟ್ ಮಾಡಬ್ಯಾಡ್ರಿ ಅಂತ, ಸ್ಟಾರ್ಟಿಂಗ್ ತ್ರಾಸು, ಹೊಗಿ ಎಲ್ಲಾ ಥಂಡಿ ಇಂಜಿನ್ನಿನಾಗೇ ಕಾಣೋದು. ನೀವು ಹೋಗೋದ್ರೊಳಗ ಬಾನೆಟ್ ಬಿಸಿ ಇದ್ರ ಚಾ ಕುಡ್ದು ಎದ್ದು ಬರ್ರಿ.