ಹನ್ನೆರಡನೆಯ ಪುಸ್ತಕದಲ್ಲಿ ಓದು ನಿಂತುಹೋಗಿದ್ದರೆ

‘ಲೆಫ್ಟ್ ಬಿಹೈಂಡ್’ ಬೈಬಲಿನ ಅಂತ್ಯಕಾಲದ ಕಥೆಯನ್ನು ಥ್ರಿಲ್ಲರ್ ರೂಪದಲ್ಲಿ ಹೇಳುವ ಇಂಗ್ಲಿಷ್ ಕಾದಂಬರಿ ಸರಣಿ. ಅದರ ಹನ್ನೊಂದು ಪುಸ್ತಕ ಬೇಗಬೇಗ ಮುಗಿಸಿ, ಹನ್ನೆರಡನೆಯದಾದ ‘ಗ್ಲೋರಿಯಸ್ ಅಪಿಯರಿಂಗ್’ (2004) ಸಪ್ಪೆ ಎನ್ನಿಸಿ ನಡುವೆ ನಿಲ್ಲಿಸಿದ್ದರೆ, ಅದಕ್ಕೆ ಮುಖ್ಯ ಕಾರಣ, ಅದರಲ್ಲಿ ಕುತೂಹಲಕ್ಕೆ ಜಾಗವೇ ಕಡಿಮೆ. ಅಲ್ಲಿಯವರೆಗೆ ಯಾರು ಸಿಕ್ಕಿಬೀಳುತ್ತಾರೆ, ಯಾರು ತಪ್ಪಿಸಿಕೊಳ್ಳುತ್ತಾರೆ ಎಂಬುದೇ ಓದಿಸುತ್ತಿತ್ತು. ಇಲ್ಲಿರುವುದು ಯೇಸುವಿನ ಪುನರಾಗಮನ, ಅದು ಮುಗಿಯುವ ಬಗೆ ಬೈಬಲಿನಲ್ಲೇ ಇದೆ. ಯೇಸುವಿನ ಮಾತುಗಳೂ ಬಹುಪಾಲು ಬೈಬಲ್ ವಚನಗಳೇ.

ಓದುಗರ ಅಭಿಪ್ರಾಯ ಎರಡು ತುದಿಗೆ ಹೋಗಿರುವುದೂ ಇದರಿಂದಲೇ ಅನ್ನಿಸುತ್ತದೆ. ಭಕ್ತಿಯಿಂದ ಓದಿದವರಿಗೆ ಆ ವಚನಗಳೇ ಕಣ್ಣು ತೇವಗೊಳಿಸುತ್ತವೆ. ಥ್ರಿಲ್ಲರ್ ಎಂದು ಓದಿದವರಿಗೆ ಕಥೆ ನಿಂತಂತೆ ಕಾಣುತ್ತದೆ. ಯುದ್ಧಭೂಮಿಯ ರಕ್ತಪಾತ ಅತಿಯಾಯಿತು ಎನ್ನುವ ದೂರು ಬೇರೆಯೇ. ಅದು ನನಗೂ ನ್ಯಾಯವೆನಿಸುತ್ತದೆ.

ಈಗ ಪುಸ್ತಕ ಬದಿಗಿಟ್ಟು ಮೊದಲು ಬೈಬಲಿನ ಈ ಅಧ್ಯಾಯಗಳನ್ನು ನೋಡಿ: ಪ್ರಕಟನೆ 19, ಜೆಕರ್ಯ 14, ಮತ್ತಾಯ 25ರ ಕುರಿ–ಆಡುಗಳ ಭಾಗ ಓದಿ. ಅರ್ಧ ಗಂಟೆ ಸಾಕು. ಎಣ್ಣೆಮರಗಳ ಗುಡ್ಡ ಸೀಳುವುದು, ಜನಾಂಗಗಳ ನ್ಯಾಯವಿಚಾರಣೆ ಎಲ್ಲಿಂದ ಬಂದವು ಎಂದು ತಿಳಿಯುತ್ತದೆ. ಆಮೇಲೆ ನಿಲ್ಲಿಸಿದ ಪುಟಕ್ಕೇ ಮರಳಿ, ಗೊತ್ತಿರುವ ವಚನಗಳ ಮೇಲೆ ಕಣ್ಣಾಡಿಸಿ ಮುಂದೆ ಸಾಗಿ. ಕಥಾನಾಯಕ ರೇಫೋರ್ಡ್ ಮತ್ತು ಅವನ ಸಂಗಡಿಗರು ಬರುವ ಭಾಗಗಳನ್ನು ಮಾತ್ರ ಬಿಡಬೇಡಿ. ಇಷ್ಟಾದರೂ ಹಿಡಿಸುತ್ತದೆಯೇ ಎಂಬುದನ್ನು ಖಚಿತವಾಗಿ ಹೇಳಲಾರೆ, ಅದು ನೀವು ಏನನ್ನು ಹುಡುಕುತ್ತಿದ್ದೀರಿ ಎಂಬುದರ ಮೇಲಿದೆ.

ಮುಗಿದ ಮೇಲೆ ಕಥೆ ಮುಂದುವರಿಯುವುದು ‘ಕಿಂಗ್‌ಡಮ್ ಕಮ್’ನಲ್ಲಿ (2007). ನಡುವೆ ಬಂದ ಮೂರು ಪುಸ್ತಕಗಳು ಸರಣಿಯ ಮೊದಲ ಪುಸ್ತಕಕ್ಕೂ ಹಿಂದಿನ ಕಥೆ, ಅವನ್ನು ಸದ್ಯಕ್ಕೆ ಬಿಡಬಹುದು.