‘ಆಯಿತು’ ಸರಿ, ಮಾಡಿದವರು ಯಾರು?

ಪ್ರಿಯರೇ,

‘ಆರ್ಥಿಕ ಅಸಮಾನತೆ: ಒಂದು ಅವಲೋಕನ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಸಾಮಾನ್ಯವಾಗಿ ಇಷ್ಟು ಬರೆದು ಹಸ್ತಪ್ರತಿಯನ್ನು ಮರಳಿಸಿಬಿಡುತ್ತೇನೆ. ನಿಮಗೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಹನ್ನೊಂದನೇ ಪುಟದ ಒಂದೇ ಒಂದು ಸಾಲು ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೂರು. ಎರಡನೇ ಓದಿನಲ್ಲಿ ಕೆಂಪು ಪೆನ್ನು ಹಿಡಿದು ನಿಮ್ಮ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯುತ್ತಾ ಹೋದೆ. ‘ಅಂತರ ಹೆಚ್ಚಾಯಿತು’, ‘ಸಂಪತ್ತು ಕೆಲವರ ಕೈಯಲ್ಲಿ ಶೇಖರವಾಯಿತು’, ‘ತೆರಿಗೆ ಇಳಿಕೆಯಾಯಿತು’, ‘ಕಾರ್ಮಿಕರ ಸ್ಥಿತಿ ಹದಗೆಟ್ಟಿತು’. ಹದಿನಾಲ್ಕು ಪುಟಗಳಲ್ಲಿ ಐವತ್ತಮೂರು ಕಡೆ ಏನೇನೋ ‘ಆಗಿದೆ’. ಯಾರೂ ಏನನ್ನೂ ಮಾಡಿಲ್ಲ. ಬೆಳಗಾಯಿತು, ಮಳೆಯಾಯಿತು ಎನ್ನುವ ಹಾಗೆ ಬಡತನವೂ ಆಯಿತು. ತೆರಿಗೆ ತಾನಾಗಿ ಇಳಿಯುವುದಿಲ್ಲ ಸ್ವಾಮಿ. ಒಂದು ಸಭೆಯಲ್ಲಿ ಕೆಲವರು ಕೈ ಎತ್ತಿದಾಗ ಇಳಿಯುತ್ತದೆ. ಆ ಕೈಗಳು ಯಾರವು, ಅವರಿಗೆ ಆ ಸಭೆಯಲ್ಲಿ ಕೂರುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಒಮ್ಮೆಯೂ ಕೇಳಿಲ್ಲ. ಉಪಶೀರ್ಷಿಕೆಯಲ್ಲಿ ‘ಚರಿತ್ರೆ ಮತ್ತು ರಾಜಕೀಯ’ ಎಂದಿದೆ. ಒಳಗಿರುವುದು ಹವಾಮಾನ ವರದಿ. (ಕರ್ತೃವಿಲ್ಲದ ವಾಕ್ಯ ಬರೆಯಲು ನಮ್ಮ ಭಾಷೆ ತುಂಬ ಧಾರಾಳವಾಗಿ ಅನುಕೂಲ ಮಾಡಿಕೊಡುತ್ತದೆ. ನಾನೂ ಬಹಳ ವರ್ಷ ಹೀಗೆಯೇ ಬರೆದೆ, ಗಾಂಭೀರ್ಯ ಎಂದುಕೊಂಡು.)

ಈಗ ಹನ್ನೊಂದನೇ ಪುಟ. ‘ಬ್ರಿಟನ್ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಮಾಲೀಕರಿಗೆ ಪರಿಹಾರ ನೀಡಲಾಯಿತು’ ಎಂದು ಬರೆದು, ಮುಂದಿನ ವಾಕ್ಯದಲ್ಲಿ ಕೈಗಾರಿಕಾ ಕ್ರಾಂತಿಗೆ ಜಿಗಿದಿದ್ದೀರಿ. ಚಿನ್ನದ ಗಣಿಯ ಬಾಯಲ್ಲಿ ನಿಂತು ಚಪ್ಪಲಿಯ ಧೂಳು ಕೊಡವಿಕೊಂಡು ಹೋದಂತಾಯಿತು. ಅಲ್ಲೇ ನಿಲ್ಲಿ. 1833ರ ಕಾಯ್ದೆಯ ಪ್ರಕಾರ ಗುಲಾಮರ ಮಾಲೀಕರಿಗೆ ಎರಡು ಕೋಟಿ ಪೌಂಡ್ ಹಂಚಿದರು. ಅದು ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನ ಸುಮಾರು ಶೇ. 40ರಷ್ಟು. ಹಂಚುವುದಕ್ಕೆ ಆಯೋಗ ರಚಿಸಿದರು, ದಾಖಲೆ ಪುಸ್ತಕ ತೆರೆದರು. ಅದರಲ್ಲಿ ಮನುಷ್ಯರನ್ನು ವರ್ಗ ಮಾಡಿದ್ದರು: ಆಳುಗಳ ಮೇಸ್ತ್ರಿಗಳು, ಕುಶಲಕರ್ಮಿಗಳು, ಹೊಲದ ಆಳುಗಳು, ಮನೆಗೆಲಸದವರು, ಆರು ವರ್ಷದೊಳಗಿನ ಮಕ್ಕಳು, ಕೊನೆಯಲ್ಲಿ ‘ವಯಸ್ಸಾದವರು, ರೋಗಿಗಳು ಮತ್ತು ಕೆಲಸಕ್ಕೆ ಬಾರದವರು’. ಒಂದೊಂದು ವರ್ಗಕ್ಕೆ ಒಂದೊಂದು ದರ. ವಸಾಹತು ಬದಲಾದರೆ ದರವೂ ಬದಲು. ಹಣ ಪಡೆದವರಲ್ಲಿ ಈ ಕಾಯ್ದೆಯನ್ನು ಅಂಗೀಕರಿಸಿದ ಸಂಸತ್ತಿನ ಸದಸ್ಯರೂ ಇದ್ದರು.

ಬಿಡುಗಡೆಯಾದವರಿಗೆ ಸಿಕ್ಕಿದ್ದು ಸೊನ್ನೆ. ಸೊನ್ನೆಗಿಂತಲೂ ಕಡಿಮೆ ಎನ್ನಬೇಕು, ಏಕೆಂದರೆ ‘ತರಬೇತಿ’ ಎಂಬ ಹೆಸರಿನಲ್ಲಿ ಹೊಲದ ಆಳುಗಳು ಹಳೆಯ ಮಾಲೀಕನಿಗೇ ವಾರಕ್ಕೆ 45 ಗಂಟೆಗಳವರೆಗೆ ಕೂಲಿಯಿಲ್ಲದೆ ದುಡಿಯಬೇಕಿತ್ತು. ಅದು ಕೊನೆಗೊಂಡಿದ್ದು 1838ರ ಆಗಸ್ಟ್ 1ರಂದು. ಪರಿಹಾರಕ್ಕೆಂದು ಸರ್ಕಾರ ಎತ್ತಿದ ಸಾಲ ಮುಂದೆ ಬೇರೆ ಸಾಲಪತ್ರಗಳಲ್ಲಿ ಬೆರೆತು, ಪೂರ್ತಿಯಾಗಿ ತೀರಿದ್ದು 2015ರಲ್ಲಿ. ಅಂದರೆ ಆ ಗುಲಾಮರ ವಂಶದವರು ಮುಂದೆ ಬ್ರಿಟನ್ನಿಗೆ ವಲಸೆ ಬಂದು ನೆಲೆಸಿ ಕಟ್ಟಿದ ತೆರಿಗೆಯೂ ಆ ಸಾಲಕ್ಕೆ ಸಂದಿದೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಆ ದಾಖಲೆ ಪುಸ್ತಕದಿಂದ. ನೀವು ಶುರು ಮಾಡಿರುವುದು ಶಿಲಾಯುಗದಿಂದ.

ಆರನೇ ಪುಟದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಬರುತ್ತಾರೆ. ದೇಶ ಬೆಳೆಯತೊಡಗಿದಾಗ ಅಸಮಾನತೆ ಮೊದಲು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ ಎಂದು ಅವರು ‘ಸಾಬೀತುಪಡಿಸಿದರು’ ಎಂದಿದ್ದೀರಿ. ಸಾಬೀತುಪಡಿಸಲಿಲ್ಲ. 1955ರಲ್ಲಿ ಅಚ್ಚಾದ ಆ ಪ್ರಬಂಧದ ಕೊನೆಯಲ್ಲಿ ಅವರೇ, ಇದರಲ್ಲಿ ಶೇ. 5ರಷ್ಟು ಮಾಹಿತಿ, ಶೇ. 95ರಷ್ಟು ಊಹೆ, ಆ ಊಹೆಗೂ ಒಂದಿಷ್ಟು ಆಸೆ ಅಂಟಿಕೊಂಡಿರಬಹುದು ಎಂಬರ್ಥದ ಮಾತು ಹೇಳಿದ್ದಾರೆ. ಇಷ್ಟು ಪ್ರಾಮಾಣಿಕವಾಗಿ ಬರೆದವರ ಊಹೆಯನ್ನು ಆಮೇಲಿನವರು ಪಠ್ಯಪುಸ್ತಕದ ನಿಯಮವನ್ನಾಗಿ ಮಾಡಿಬಿಟ್ಟರು. ನೀವು ಆ ಸಾಲಿನಲ್ಲಿ ಸೇರಿಕೊಳ್ಳಬೇಡಿ. ಅವರು ಕಂಡ ಇಳಿಕೆ ನಿಜ. ಆದರೆ ಅದರ ಹಿಂದೆ ಎರಡು ಮಹಾಯುದ್ಧಗಳಿದ್ದವು, 1929ರ ಷೇರುಪೇಟೆಯ ಕುಸಿತವಿತ್ತು, ಉಳಿತಾಯವನ್ನು ನುಂಗಿದ ಹಣದುಬ್ಬರವಿತ್ತು, ಯುದ್ಧಕ್ಕೆ ಹಾಕಿದ ತೆರಿಗೆ ಇತ್ತು. ‘ತಾನಾಗಿ’ ಎಂಬ ಪದವನ್ನು ಹೊಡೆದುಹಾಕಿದ್ದೇನೆ.

ತೆರಿಗೆ ಎಂದಾಗ ನೆನಪಾಯಿತು. ‘ಅಮೆರಿಕ ಒಂದು ಕಾಲದಲ್ಲಿ ಶ್ರೀಮಂತರ ಆದಾಯದ ಶೇ. 94ರಷ್ಟನ್ನು ಕಿತ್ತುಕೊಳ್ಳುತ್ತಿತ್ತು’ ಎಂಬ ನಿಮ್ಮ ವಾಕ್ಯವನ್ನು ಹೀಗೆಯೇ ಅಚ್ಚು ಹಾಕಿದ್ದರೆ ಮಾರನೆಯ ದಿನವೇ ಓದುಗರ ಪತ್ರ ಬರುತ್ತಿತ್ತು, ಮತ್ತು ಅವರು ಹೇಳುವುದೇ ಸರಿಯಿರುತ್ತಿತ್ತು. 1944ರಲ್ಲಿ ಶೇ. 94 ಎಂಬುದು ಅತ್ಯಂತ ಮೇಲಿನ ಹಂತದ ದರ. ಎರಡು ಲಕ್ಷ ಡಾಲರಿಗಿಂತ ಮೇಲಿನ ಭಾಗಕ್ಕೆ ಮಾತ್ರ ಅನ್ವಯ. ಆಸ್ತಿ ಮಾರಿ ಬಂದ ದೀರ್ಘಾವಧಿಯ ಲಾಭಕ್ಕೆ ಆಗ ಗರಿಷ್ಠ ಶೇ. 25. ಹಾಗಾಗಿ ತಿಳಿದವರು ಸಂಬಳವನ್ನು ಲಾಭದ ರೂಪಕ್ಕೆ ತಿರುಗಿಸಿಕೊಳ್ಳುವ ದಾರಿ ಹುಡುಕುತ್ತಿದ್ದರು. ಆದರೂ ಆ ಮೇಲಿನ ಹಂತದ ದರದ ಏರಿಳಿತವನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಕಥೆ ತಾನೇ ಎದ್ದು ನಿಲ್ಲುತ್ತದೆ: 1913ರಲ್ಲಿ ಶೇ. 7, 1918ರಲ್ಲಿ 77, 1925ರಲ್ಲಿ 25, 1944ರಲ್ಲಿ 94, 1988ರಲ್ಲಿ 28. ಎಪ್ಪತ್ತೈದು ವರ್ಷಗಳಲ್ಲಿ ಮನುಷ್ಯ ಸ್ವಭಾವವೇನೂ ಇಷ್ಟು ಸಲ ಬದಲಾಗಿರಲಿಕ್ಕಿಲ್ಲ.

ಇನ್ನೊಂದು ತಪ್ಪು ಲೇಖನದ ಉದ್ದಕ್ಕೂ ಇದೆ: ಆದಾಯ ಮತ್ತು ಆಸ್ತಿಯನ್ನು ಒಂದೇ ಎಂಬಂತೆ ಬಳಸಿದ್ದೀರಿ. ಆದಾಯ ವರ್ಷವಿಡೀ ಹರಿದು ಬರುವುದು, ಆಸ್ತಿ ಕೂಡಿಬಿದ್ದಿರುವುದು. ಒಂದು ದೇಶದ ಆದಾಯದ ಗಿನಿ ಸೂಚ್ಯಂಕವನ್ನು (ಅಸಮಾನತೆಯನ್ನು ಅಳೆಯುವ ಅಂಕಿ) ಇನ್ನೊಂದರ ಆಸ್ತಿಯ ಗಿನಿ ಸೂಚ್ಯಂಕದ ಪಕ್ಕದಲ್ಲಿಟ್ಟು ಹೋಲಿಸಿರುವ ಒಂಬತ್ತನೇ ಪುಟದ ಕೋಷ್ಟಕ ಪೂರ್ತಿ ಕೈಬಿಡಬೇಕು.

ಹನ್ನೆರಡನೇ ಪುಟದಲ್ಲಿ ಸ್ವೀಡನ್ನಿನ ಜನ ‘ಸ್ವಭಾವತಃ ಸಮಾನತಾವಾದಿಗಳು’ ಎಂದಿದ್ದೀರಿ. ಹತ್ತೊಂಬತ್ತನೇ ಶತಮಾನದ ಸ್ವೀಡನ್ನನ್ನು ಒಮ್ಮೆ ನೋಡಿ. ಅಲ್ಲಿನ ಸ್ಥಳೀಯ ಚುನಾವಣೆಗಳಲ್ಲಿ ಆದಾಯ ಮತ್ತು ಆಸ್ತಿ ಹೆಚ್ಚಿದ್ದವನಿಗೆ ಹೆಚ್ಚು ಮತಗಳಿದ್ದವು. ಕಂಪನಿಗಳಿಗೂ ಮತವಿತ್ತು. 1871ರಲ್ಲಿ ಐವತ್ತಕ್ಕೂ ಹೆಚ್ಚು ಗ್ರಾಮೀಣ ಆಡಳಿತ ಘಟಕಗಳಲ್ಲಿ ಒಬ್ಬನೇ ಮತದಾರನ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳಿದ್ದವು. ಅವನೊಬ್ಬ ಕೆಮ್ಮಿದರೆ ನಿರ್ಣಯ ಅಂಗೀಕಾರ. ಇದನ್ನು ಮುರಿದದ್ದು ಕಾರ್ಮಿಕ ಸಂಘಗಳು ಮತ್ತು ಮತದಾನದ ಹಕ್ಕಿನ ಚಳವಳಿ. 1921ರ ಚುನಾವಣೆಯಲ್ಲಿ ಮಹಿಳೆಯರೂ ಮತ ಹಾಕಿದರು. 1932ರಿಂದ ಎಡಪಂಥೀಯ ಸೋಷಿಯಲ್ ಡೆಮಾಕ್ರಾಟ್ ಪಕ್ಷದವರು ಹೆಚ್ಚುಕಡಿಮೆ ನಾಲ್ಕು ದಶಕ ಅಧಿಕಾರದಲ್ಲಿ ಕೂತು, ನಾವು ಇಂದು ‘ಸ್ವಭಾವ’ ಎನ್ನುವುದನ್ನು ಕಾನೂನು ಮಾಡಿ ಕಟ್ಟಿದರು. ಮುಂದೆ ಉತ್ತರಾಧಿಕಾರ ತೆರಿಗೆಯನ್ನು ತೆಗೆದುಹಾಕಿದ್ದೂ ಅದೇ ಪಕ್ಷದ ಸರ್ಕಾರ, 2004ರಲ್ಲಿ. ಸಂಪತ್ತಿನ ತೆರಿಗೆಯನ್ನು 2007ರಲ್ಲಿ ತೆಗೆದವರು ಅವರ ಎದುರಾಳಿಗಳು. ಇದು ನಿಮ್ಮ ವಾದಕ್ಕೆ ತೊಡಕು ಅಂತ ಅನ್ನಿಸಬಹುದು. ತೊಡಕಾಗಲಿ, ಬಿಡಬೇಡಿ. ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ಸಾಲಾಗಿ ನಿಂತ ಲೇಖನಗಳು ನನ್ನ ಮೇಜಿನ ಮೇಲೆ ಸಾಕಷ್ಟಿವೆ.

ಹಾಗೆಂದು ಹದಿಮೂರನೇ ಪುಟದಂತೆ ಅಡ್ಡಗೋಡೆಯ ಮೇಲೆ ದೀಪ ಇಡುವುದೂ ಬೇಡ. ‘ಕೆಲವರು ಹೀಗೆನ್ನುತ್ತಾರೆ, ಮತ್ತೆ ಕೆಲವರು ಹಾಗೆನ್ನುತ್ತಾರೆ’ ಎಂದು ನಾಲ್ಕು ಸಲ ಬರೆದಿದ್ದೀರಿ. ಆ ಕೆಲವರು ಯಾರು? ಹೆಸರಿರುವವರಾದರೆ ಹೆಸರು ಹಾಕಿ. ನೀವೇ ಆಗಿದ್ದರೆ ‘ನನ್ನ ಅಭಿಪ್ರಾಯ’ ಎನ್ನಿ, ಹೆದರಬೇಡಿ.

ಮತ್ತೆ ಬರೆಯುವುದಾದರೆ ಮೊದಲ ಮೂರು ಪುಟ ತೆಗೆಯಿರಿ. ಬ್ರಿಟನ್ನಿನ ದಾಖಲೆ ಪುಸ್ತಕ, ಅಮೆರಿಕದ ತೆರಿಗೆ ದರ, ಸ್ವೀಡನ್ನಿನ ಮತಪೆಟ್ಟಿಗೆ, ಈ ಮೂರು ಸಾಕು. ಎರಡೇ ಆದರೂ ನನ್ನ ತಕರಾರಿಲ್ಲ. ಏಳು ಪುಟ ಮೀರದಿರಲಿ. ಕೊನೆಯಲ್ಲಿ ‘ಎಲ್ಲರೂ ಚಿಂತಿಸಬೇಕಾದ ವಿಷಯ’ ಎಂಬ ಪ್ಯಾರಾ ಬೇಡವೇ ಬೇಡ. ಮುಂದಿನ ಸಂಚಿಕೆಯ ಪುಟಗಳು ತುಂಬಿವೆ, ಅದರ ನಂತರದ್ದರಲ್ಲಿ ಜಾಗವಿದೆ. ಗೆರೆ ಎಳೆದ ಹಸ್ತಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಇಂತಿ,
ಸಂಪಾದಕ

ಮರೆತಿದ್ದೆ: ತಲೆಬರಹದಿಂದ ‘ಒಂದು ಅವಲೋಕನ’ವನ್ನು ತೆಗೆದುಬಿಡಿ. ಈ ತಿಂಗಳು ಬಂದ ಅವಲೋಕನಗಳಲ್ಲಿ ಇದು ಆರನೆಯದು.