ಕಾಚಂಪುಳಿ, ಪೀಚೆಕತ್ತಿ ಮತ್ತು ಸೆಕ್ಯುರಿಟಿ ಚೆಕ್

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ಕೈಚೀಲದಲ್ಲಿದ್ದ ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ ರಸ) ಬಾಟಲಿಯನ್ನು ಯಾರೂ ಕೇಳಲಿಲ್ಲ, ಕಣ್ಣೂರಿನಿಂದ ದುಬೈಗೆ ಹೋಗುವಾಗ ಅದನ್ನೇ ತೆಗೆಸಿದರು. ಸಿಖ್ಖರು ಧರ್ಮಕ್ಕೆಂದು ಧರಿಸುವ ಕಿರ್ಪಾಣ್ ಕತ್ತಿ ಬಿಡ್ತಾರೆ, ನಾವು ಕೊಡವರು ಸೊಂಟಕ್ಕೆ ಕಟ್ಟುವ ಪೀಚೆಕತ್ತಿ ಬಿಡಲ್ಲ. ಇದಕ್ಕೊಂದು ನಿಯಮ ಇಲ್ವಾ ಅಂತ.

ನಾನು ಕೊಡಗಿನ ವಿರಾಜಪೇಟೆಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ಏರ್‌ಪೋರ್ಟ್ ಶುರುವಾದ ಮೇಲೆ ಮಾಕುಟ್ಟ ಘಾಟಿ ಇಳಿದು, ಆ ಏರ್‌ಪೋರ್ಟ್ ಇರುವ ಮಟ್ಟನ್ನೂರಿಗೆ ಹೋಗುವ ಬಾಡಿಗೆಯೇ ಜಾಸ್ತಿ. ಜನರನ್ನು ಇಳಿಸಿದ ಕೂಡಲೇ ಹೊರಡುವುದಿಲ್ಲ, ಒಂದು ಚಹಾ ಕುಡಿದು ಕಾಯುತ್ತೇನೆ. ಫೋನ್ ಬಂದೇ ಬರುತ್ತೆ. "ಅಣ್ಣಾ, ಹೊರಟ್ರಾ? ಇದನ್ನ ಬಿಡ್ತಿಲ್ಲ, ಮನೆಗೆ ಮುಟ್ಟಿಸಿಬಿಡಿ." ಹಾಗೆ ನನ್ನ ಡಿಕ್ಕಿಯಲ್ಲಿ ಜೇನು, ಉಪ್ಪಿನಕಾಯಿ, ಕಸಿ ಕತ್ತರಿ ಎಲ್ಲ ಘಾಟಿ ಹತ್ತಿ ವಾಪಸ್ ಬಂದಿವೆ.

ಕಾಚಂಪುಳಿ ವಿಷಯದಲ್ಲಿ ನಿಯಮ ಇದೆ. ವಿದೇಶಕ್ಕೆ ಹೋಗುವಾಗ ಕೈಚೀಲದಲ್ಲಿ ದ್ರವದ ಬಾಟಲಿ 100 ಮಿಲಿಲೀಟರ್ ಮೀರಬಾರದು. 2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ಮಿತಿ ಇದು. ಲೆಕ್ಕ ಬಾಟಲಿಯ ಗಾತ್ರದ್ದು. ದೊಡ್ಡ ಬಾಟಲಿಯ ತಳದಲ್ಲಿ ನಾಲ್ಕು ಚಮಚ ಉಳಿದಿದ್ದರೂ ಬಿಡಲ್ಲ. ದೇಶದೊಳಗಿನ ವಿಮಾನಕ್ಕೆ ಅಷ್ಟು ಬಿಗಿ ಇಲ್ಲ. ದೊಡ್ಡ ಬ್ಯಾಗಿಗೆ ಹಾಕಿ ಚೆಕ್-ಇನ್‌ನಲ್ಲಿ ಕೊಟ್ಟರೆ ಮುಗೀತು. (ಪಂದಿ, ಅಂದರೆ ಹಂದಿ ಮಾಂಸದ ಉಪ್ಪಿನಕಾಯಿ ಗಲ್ಫ್‌ಗೆ ಒಯ್ಯುವವರು ಅಲ್ಲಿನ ಕಸ್ಟಮ್ಸ್ ಬಗ್ಗೆ ಯೋಚಿಸಲಿ, ಅದು ಬೇರೆ ಕಥೆ.)

ಕಿರ್ಪಾಣ್‌ಗೂ ಅಳತೆ ಇದೆ. ಅಲಗು 6 ಇಂಚು, ಒಟ್ಟು 9 ಇಂಚು ಮೀರುವಂತಿಲ್ಲ, ಅದೂ ದೇಶದೊಳಗೆ ಮಾತ್ರ. ದುಬೈಗೆ ಅದೂ ಹೋಗಲ್ಲ. ಅದು ಸಿಖ್ಖರು ಮೈಮೇಲಿಂದ ತೆಗೆಯಬಾರದ ವಸ್ತು. ನಾವು ಪೀಚೆಕತ್ತಿ ಕಟ್ಟುವುದು ಮದುವೆಗೆ, ಹಬ್ಬಕ್ಕೆ, ನಮ್ಮ ಸಾಂಪ್ರದಾಯಿಕ ಉಡುಪಾದ ಕುಪ್ಯ ಚೇಲೆ ಹಾಕಿದಾಗ. ಮಿಕ್ಕ ದಿನ ಪೆಟ್ಟಿಗೆಯಲ್ಲೇ ಇರುತ್ತಲ್ವಾ? ಹಾಗಾಗಿ ದೊಡ್ಡ ಬ್ಯಾಗಿನಲ್ಲಿ ಹೋಗಲಿ ಅನ್ನುವುದು ನನಗೇನೂ ಅವಮಾನ ಅನ್ನಿಸಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಯಾರನ್ನು ಪಕ್ಕಕ್ಕೆ ಕರೆದು ಮತ್ತೊಮ್ಮೆ ನೋಡುತ್ತಾರೆ ಅನ್ನುವುದು ಮೊದಲೇ ಗೊತ್ತಾಗಬಾರದು, ಗೊತ್ತಾದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ. ಆದರೆ ಏನು ಒಯ್ಯಬಾರದು ಅನ್ನುವುದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಒಂದು ಸಾಲಿನವರು ಚಾರ್ಜರ್ ಟ್ರೇಗೆ ಹಾಕಿ ಅಂತಾರೆ, ಪಕ್ಕದ ಸಾಲಿನವರು ಸುಮ್ನೆ ಯಾಕೆ ತೆಗೆದ್ರಿ ಅಂತಾರೆ. ಇದರಿಂದ ಭದ್ರತೆ ಹೆಚ್ಚಲ್ಲ, ವಯಸ್ಸಾದವರಿಗೆ ಗಾಬರಿ ಹೆಚ್ಚುತ್ತೆ. ಬೋರ್ಡ್ ಇರಬೇಕಾದದ್ದು ಚೆಕ್-ಇನ್ ಕೌಂಟರಿಗಿಂತ ಮುಂಚೆ, ದೊಡ್ಡ ಬ್ಯಾಗು ಇನ್ನೂ ಕೈಯಲ್ಲಿರುವಾಗ. ಎಕ್ಸ್-ರೇ ಮೆಷಿನ್ ಪಕ್ಕದಲ್ಲಿ ಓದಿ ಏನು ಪ್ರಯೋಜನ? ಕಸದ ಡಬ್ಬಿ ಕಾಣುತ್ತೆ ಅಷ್ಟೇ. ಮತ್ತೆ, ತೆಗೆಸಿದ ವಸ್ತುವನ್ನು ಮನೆಗೆ ಕೊರಿಯರ್ ಮಾಡುವ ಒಂದು ಕೌಂಟರ್ ಎಲ್ಲ ಕಡೆ ಇರಲಿ. ದುಡ್ಡು ಕೊಡಲು ಜನ ರೆಡಿ ಇದ್ದಾರೆ. ಎಲ್ಲರಿಗೂ ಟ್ಯಾಕ್ಸಿಯವನು ಕಾಯ್ತಾ ಇರಲ್ಲ.

ನಮ್ಮ ಜಿಲ್ಲೆಯವರಿಗೆ ಕತ್ತಿಗಿಂತ ದೊಡ್ಡ ತೊಂದರೆ ಕೋವಿಯ ಕಾರ್ಟ್ರಿಜ್. ರಾತ್ರಿ ತೋಟಕ್ಕೆ ಹಾಕಿಕೊಂಡು ಹೋದ ಜಾಕೆಟ್‌ನ ಜೇಬಿನಲ್ಲಿ ಒಂದು ಉಳಿದಿರುತ್ತೆ, ಅದೇ ಜಾಕೆಟ್ ಏರ್‌ಪೋರ್ಟಿಗೆ ಬರುತ್ತೆ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿಗೆ ಲೈಸೆನ್ಸ್ ಬೇಡ ಅನ್ನುವಷ್ಟಕ್ಕೆ, ಎಕ್ಸ್-ರೇ ತಪಾಸಣೆಗೆ ಅಲ್ಲ. ಸಿಕ್ಕರೆ ಪೊಲೀಸರ ಕೈಗೆ ಒಪ್ಪಿಸುತ್ತಾರೆ, ವಿಮಾನ ತಪ್ಪುತ್ತೆ, ಆಯುಧ ಕಾಯ್ದೆಯ ಕೇಸೂ ಆಗಬಹುದು. ಗೊತ್ತಿಲ್ಲದೆ ಉಳಿದದ್ದು ಅಂತ ಇಂಥ ಎಷ್ಟೋ ಕೇಸುಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿವೆ ನಿಜ, ಆದರೆ ಅಲ್ಲಿಯವರೆಗೆ ಓಡಾಡುವವರು ನೀವೇ. ನಾನಂತೂ ಲಗೇಜ್ ಎತ್ತಿಡುವಾಗ ಮನೆ ಅಂಗಳದಲ್ಲೇ ಕೇಳುತ್ತೇನೆ, "ಜಾಕೆಟ್ ಜೇಬು ನೋಡಿದ್ರಾ?"